ಜವರನ ಹೆಸರಿನ ತೆಪ್ಪ

ಕಲ್ಲೊಡ್ಡು ಅಣೆಯ ದಡದಲ್ಲಿ ಬೆಳಿಗ್ಗೆ ಮೀನು ತೂಗುವಾಗ ಹೆಸರು ಕೂಗುವುದು ಉಷಾರಾಣಿಯ ಕೆಲಸ. ಬಿದಿರು ಹೆಣೆದ ದುಂಡು ತೆಪ್ಪಗಳು ಮಂಜಿನೊಳಗಿಂದ ಒಂದೊಂದಾಗಿ ಮೂಡಿ ಬಂದು ದಡಕ್ಕೆ ತಾಗುತ್ತವೆ. ಬುಟ್ಟಿಗಳು ತಕ್ಕಡಿಯ ಪಕ್ಕ ಸಾಲಾಗಿ ಕೂರುತ್ತವೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರನ್ನೇ ಕೂಗಬೇಕು, ಅದು ಮೀನುಗಾರಿಕೆ ಇಲಾಖೆಯ ನಿಯಮ. "ಬೋಜಪ್ಪ" ಎಂದರೆ ಬೋಜಪ್ಪ ಕೆಮ್ಮುತ್ತಾ ಬರುತ್ತಾನೆ. "ಚಿಕ್ಕಿ" ಎಂದರೆ ಚಿಕ್ಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಾಳೆ. "ಜವರ" ಎಂದರೆ ಚೋಮಿ ಎದ್ದು ಬರುತ್ತಾಳೆ.

ಜವರ ಸತ್ತು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಕಲ್ಲೊಡ್ಡು ದೊಡ್ಡ ಅಣೆಕಟ್ಟೇನಲ್ಲ. ಶಿರಂಗಾಲದಿಂದ ಕೊಡ್ಲಿಪೇಟೆಯ ಕಡೆಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಒಮ್ಮೆ ಬೆಳ್ಳಗೆ ಮಿಂಚಿ ಮರೆಯಾಗುವಷ್ಟು ನೀರು. ಅದನ್ನು ಕಟ್ಟುವಾಗ ಹಾಸನದ ಕಡೆಯಿಂದ ಮಣ್ಣು ಹೊರಲು ಬಂದವರಲ್ಲಿ ಕೆಲವರು ವಾಪಸ್ಸು ಹೋಗಲಿಲ್ಲ. ಕಟ್ಟೆ ಮುಗಿದ ಮೇಲೆ ದಡದಲ್ಲೇ ಗುಡಿಸಲು ಹಾಕಿಕೊಂಡು, ಹಾರಂಗಿಯಿಂದ ಮರಿ ತಂದು ಬಿಟ್ಟ ಮೀನನ್ನು ಹಿಡಿಯಲು ಕಲಿತರು. ಹೊತ್ತ ಮಣ್ಣಿಗಿಂತ ನೀರೇ ಹಗುರ ಎಂದು ಮುದುಕರು ನಗುತ್ತಿದ್ದರು. ಇಲಾಖೆ ಅವರಿಗೆ ಲೈಸೆನ್ಸ್ ಕೊಟ್ಟಿತು, ತೆಪ್ಪಕ್ಕೆ ಒಂದರಂತೆ. ತೆಪ್ಪದಲ್ಲಿ ಇಬ್ಬರು ಕೂರುತ್ತಾರೆ: ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ. ಲೈಸೆನ್ಸ್ ಬಲೆ ಬಿಡುವವನ ಹೆಸರಿಗೆ. ಹುಟ್ಟು ಹಾಕುವವಳು ಹೆಚ್ಚಾಗಿ ಅವನ ಹೆಂಡತಿ. ಅವಳ ಹೆಸರು ಎಲ್ಲೂ ಇರುತ್ತಿರಲಿಲ್ಲ; ಇರಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಉಷಾರಾಣಿ ಕೊಡ್ಲಿಪೇಟೆಯವಳು. ಡಿಗ್ರಿ ಮುಗಿದ ವರ್ಷವೇ ಕ್ಷೇತ್ರ ಸಹಾಯಕಿಯ ಕೆಲಸ ಸಿಕ್ಕಿತು. ಬಂದಾಗ ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಈಗ ಆ ವಾಸನೆ ಅವಳ ಬೆರಳುಗಳಲ್ಲೇ ಮನೆ ಮಾಡಿದೆ. ಕುಶಾಲನಗರದಲ್ಲಿ ಗ್ಯಾರೇಜು ನಡೆಸುವ ಗಂಡ ಅಶ್ವಥ್, "ನೀನು ಕಾಫಿ ಕೊಟ್ರೂ ಮೀನ್‌ಸಾರು ಕುಡಿದಂಗೆ ಕಣೆ" ಅನ್ನುತ್ತಾನೆ. "ನಿನ್ನ ಗ್ರೀಸಿಗಿಂತ ವಾಸಿ" ಅನ್ನುತ್ತಾಳೆ ಇವಳು. ತಮಗೆ ಮಕ್ಕಳಿಲ್ಲವೆಂಬ ಮಾತನ್ನು ಇಬ್ಬರೂ ಇಂಥ ಮಾತುಗಳಿಂದಲೇ ದಾಟುತ್ತಾ ಬಂದಿದ್ದರು. ದಡದ ಮನೆಗಳ ಮದುವೆಗೆ, ಬಾಣಂತನಕ್ಕೆ, ಸಾವಿಗೆ ಅವಳು ಹೋಗುತ್ತಿದ್ದಳು. ಸರ್ಕಾರದವರು ಅಂತ ಮೊದಲು ಕುರ್ಚಿ ಹಾಕುತ್ತಿದ್ದರು. ಆಮೇಲೆ ಕುರ್ಚಿ ಹಾಕುವುದನ್ನು ಬಿಟ್ಟರು. ಅದು ಅವಳಿಗೆ ಬಡ್ತಿ ಸಿಕ್ಕಿದಷ್ಟೇ ಸಂತೋಷ ಕೊಟ್ಟಿತ್ತು.

ಜವರ ಸತ್ತದ್ದು ಯುಗಾದಿ ಕಳೆದ ವಾರ. ನೀರಿನಲ್ಲಲ್ಲ, ಜ್ವರ ಬಂದು, ಆಸ್ಪತ್ರೆಯಲ್ಲಿ. ಮಣ್ಣು ಮಾಡಿ ಬಂದ ಸಂಜೆ, ಜವರನ ಮನೆಯ ಅಂಗಳದಲ್ಲಿ, ಬೋಜಪ್ಪ ಉಷಾರಾಣಿಯ ಬಳಿ ಬಂದು ನಿಂತ. ದಡದ ಮನೆಗಳಿಗೆಲ್ಲ ಅವನೇ ಹಿರಿಯ.

"ಮೇಡಮ್ಮೋರೆ, ಅವನ ಹೆಸರು ಈಗ್ಲೇ ತೆಗೀಬೇಡಿ. ವರ್ಷದ ಎಡೆ ಇಕ್ಕೋ ತನಕ ತೆಪ್ಪ ಅವಂದೇ. ನಮ್ಮಲ್ಲಿ ಹಂಗೆ."

ಅದು ಅವಳಿಗೆ ಹೊಸದಲ್ಲ. ಹಿಂದೆಯೂ ಎರಡು ಮೂರು ಸಾವುಗಳಲ್ಲಿ ಹಾಗೇ ನಡೆದಿತ್ತು. ಸತ್ತವನು ವರ್ಷ ತುಂಬುವವರೆಗೆ ನೀರಿನ ಮೇಲೇ ಇರುತ್ತಾನೆ, ಅಷ್ಟರಲ್ಲಿ ಹೆಸರು ತೆಗೆದರೆ ಅವನಿಗೆ ಕೂರಲು ತೆಪ್ಪವಿರುವುದಿಲ್ಲ ಎಂದು ಅವರ ನಂಬಿಕೆ. ಹಿಂದಿನ ಸಾಹೇಬರುಗಳಿಗೆ ತಿಂಗಳ ಕೊನೆಗೆ ಒಟ್ಟು ತೂಕ ಎಷ್ಟೆಂಬುದಷ್ಟೇ ಬೇಕಿತ್ತು, ಹೆಸರಲ್ಲ. ವರ್ಷ ಕಳೆದ ಮೇಲೆ ಹೆಂಡತಿಯದೋ ಮಗನದೋ ಹೆಸರು ಬರೆದುಕೊಂಡರೆ ಆಯಿತು; ಚಿಕ್ಕಿಯ ಹೆಸರು ಬಂದದ್ದೂ ಹಾಗೆಯೇ. ಯಾರಿಗೂ ನಷ್ಟವಿಲ್ಲ.

"ಆಗಲಿ ಬೋಜಣ್ಣ" ಎಂದಳು ಉಷಾರಾಣಿ. ಒಳಗೆ ಜವರನ ಹೆಂಡತಿ ಚೋಮಿ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಈ ಮಾತು ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಹದಿನೈದು ದಿನಕ್ಕೆಲ್ಲ ಅವಳು ತಂಗಿಯನ್ನು ಹುಟ್ಟಿಗೆ ಕೂರಿಸಿಕೊಂಡು, ತಾನೇ ಬಲೆ ಹಿಡಿದು ನೀರಿಗಿಳಿದಳು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಮೈಸೂರಿನಲ್ಲಿ ಒಂದು ಸಭೆ ಇಟ್ಟರು. ಇಲ್ಲಿನ ಇಲಾಖೆಯ ಜೊತೆ ನೆರೆ ರಾಜ್ಯಗಳ ಮೀನುಗಾರಿಕೆ ಇಲಾಖೆಗಳೂ ಸೇರಿ, ಎಲ್ಲರಿಗೂ ಒಂದೇ ಮಾಹಿತಿ ವ್ಯವಸ್ಥೆ ಕಟ್ಟುವ ಯೋಜನೆ. ಸಹಾಯಕ ನಿರ್ದೇಶಕ ಕೀರ್ತಿಕುಮಾರ್ ಆಗಷ್ಟೇ ಬಂದಿದ್ದ ಹೊಸಬರು, ಚಿಕ್ಕ ವಯಸ್ಸು, ಎಲ್ಲರಿಗೂ ನಮಸ್ಕಾರ ಹೇಳುವ ಸ್ವಭಾವ. ದಡದ ಕೆಲಸ ಬಲ್ಲವರೊಬ್ಬರನ್ನು ಕರೆತರಬೇಕೆಂದು ಸೂಚನೆ ಬಂದಿದ್ದರಿಂದ ಉಷಾರಾಣಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವಳು ಮದುವೆಗೆಂದು ಇಟ್ಟಿದ್ದ ಸೀರೆ ಉಟ್ಟಿದ್ದಳು.

ಸಭೆಯಲ್ಲಿ ಮಾತಾಡಿದವರೆಲ್ಲ ಚೆನ್ನಾಗಿಯೇ ಮಾತಾಡಿದರು. ಹೊಳೆಗೆ ಗಡಿಯಿಲ್ಲ, ಮೀನಿಗೆ ಗಡಿಯಿಲ್ಲ, ನಮ್ಮ ಲೆಕ್ಕಕ್ಕೆ ಮಾತ್ರ ಯಾಕೆ ಗಡಿ ಎಂದು ಒಬ್ಬರು ಕೇಳಿದಾಗ ಎಲ್ಲರೂ ತಲೆದೂಗಿದರು. ಮರಿ ಬಿತ್ತನೆಗೆ ಒಂದು ತಂತ್ರಾಂಶ, ಲೈಸೆನ್ಸಿಗೆ ಇನ್ನೊಂದು, ವಿಮೆಗೆ ಮತ್ತೊಂದು, ಸಹಕಾರ ಸಂಘಗಳದ್ದೇ ಬೇರೆ. ಒಬ್ಬನೇ ಮನುಷ್ಯ ಎರಡು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು, ನಿಜವಾಗಿ ಕಾದವನಿಗೆ ಸಿಗದೆ ಹೋಗುತ್ತಿದೆ. ಇನ್ನು ಮೇಲೆ ಪ್ರತಿಯೊಬ್ಬ ಮೀನುಗಾರನಿಗೂ ಒಂದೇ ಸಂಖ್ಯೆ. ಒಂದು ಕಡೆ ಗೊತ್ತಾದದ್ದು ಎಲ್ಲ ಕಡೆಗೂ ಗೊತ್ತಾಗಬೇಕು. ಜನನ ಮರಣದ ವಿವರವೂ ತಾನಾಗಿಯೇ ಬಂದು ಸೇರುತ್ತದೆ. ಖಾಲಿಯಾದ ಜಾಗ ತಾನಾಗಿಯೇ ಮುಂದಿನವರಿಗೆ ಹೋಗುತ್ತದೆ. ಉಷಾರಾಣಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಒಳ್ಳೆಯದೇ ಅನ್ನಿಸಿತು. ಬಂದ ಮಾಹಿತಿಯಲ್ಲಿ ತಪ್ಪಿದ್ದರೆ ತಿದ್ದುವ ಅಧಿಕಾರ ಯಾವ ಇಲಾಖೆಗೆ ಎಂಬ ಮಾತು ಬಂದಾಗ ಮಾತ್ರ ಗದ್ದಲವಾಯಿತು. ಅದನ್ನು ಊಟದ ನಂತರಕ್ಕೆ ಇಟ್ಟುಕೊಂಡರು. ಊಟದ ನಂತರ ಮುಂದಿನ ಸಭೆಗೆ ಇಟ್ಟುಕೊಂಡರು.

ಕೊನೆಯಲ್ಲಿ ಕೀರ್ತಿಕುಮಾರ್ ಅವಳ ಕಡೆ ತಿರುಗಿದರು. "ಮೇಡಂ, ದಡದ ಕೆಲಸ ಮಾಡೋರು ನೀವೊಬ್ರೇ ಇಲ್ಲಿರೋದು. ಏನಾದ್ರೂ ತೊಂದ್ರೆ ಇದ್ರೆ ಹೇಳಿ."

ಅವಳು ಎದ್ದು ನಿಂತಳು. ಮೈಕು ಕೈಗೆ ಬಂತು. ಜವರನ ವಿಷಯ ನಾಲಗೆಯ ತುದಿಯಲ್ಲಿತ್ತು. ಆದರೆ ಆ ತಣ್ಣನೆಯ ಕೋಣೆಯಲ್ಲಿ, ನೀರಿನ ಬಾಟಲಿಗಳ ಸಾಲಿನ ಮುಂದೆ, ಸತ್ತವನಿಗೆ ಕೂರಲು ತೆಪ್ಪ ಬೇಕು ಎಂದು ಹೇಗೆ ಹೇಳುವುದು? ಹೇಳಿದರೆ ಇವರು ನಗಬಹುದು. ನಗದಿದ್ದರೆ ಇನ್ನೂ ಕಷ್ಟ. ನಾಳೆಯೇ ಹೆಸರು ತೆಗೆಯಿರಿ ಅನ್ನಬಹುದು. ಯುಗಾದಿಗೆ ಇನ್ನೆಷ್ಟು ದಿನ, ಅಷ್ಟರಲ್ಲಿ ಇವರ ಯಂತ್ರ ಎಲ್ಲಿ ಬರುತ್ತದೆ ಎಂದುಕೊಂಡಳು.

"ಅಣೆ ಹತ್ರ ನೆಟ್‌ವರ್ಕ್ ಸಿಗಲ್ಲ ಸರ್" ಎಂದಳು. "ಏರಿ ಮೇಲೆ ಹತ್ತಿ ನಿಂತ್ರೆ ಸ್ವಲ್ಪ ಬರುತ್ತೆ."

ಎಲ್ಲರೂ ನಕ್ಕರು. ಯಾರೋ ಅದನ್ನು ಬರೆದುಕೊಂಡರು. ಅವಳಿಗೊಂದು ಬಟ್ಟೆಯ ಚೀಲ ಕೊಟ್ಟು ಕಳಿಸಿದರು.

ಯಂತ್ರ ಸಂಕ್ರಾಂತಿಗೇ ಬಂತು. ಕಪ್ಪು ಹಲಗೆಯಂಥ ಟ್ಯಾಬು, ಅದರ ಜೊತೆ ಮಾತಾಡುವ ಹೊಸ ತಕ್ಕಡಿ. ಬುಟ್ಟಿ ಇಟ್ಟು ಹೆಸರು ಮುಟ್ಟಿದರೆ ತೂಕ ತಾನೇ ದಾಖಲಾಗುತ್ತದೆ. ದಾಖಲಾದರೆ ಮಾತ್ರ ಸಂಘದ ಗಾಡಿ ಮೀನು ಕೊಳ್ಳುತ್ತದೆ. ಮೊದಲ ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೊಂದು ಬೆಳಿಗ್ಗೆ ಜವರನ ಹೆಸರು ಕೆಂಪಾಗಿತ್ತು. ಮುಟ್ಟಿದರೆ ಒಂದೇ ಸಾಲು: ಮೃತರು, ಪರವಾನಗಿ ರದ್ದು.

ಚೋಮಿ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಒಳಗೆ ಕಾಟ್ಲಾ ಒಂದು ಇನ್ನೂ ಬಾಲ ಬಡಿಯುತ್ತಿತ್ತು.

"ಅಕ್ಕಾ, ನಂದು ಕೂಗಲಿಲ್ಲ."

"ತಡಿ ಚೋಮಿ. ಏನೋ ಆಗಿದೆ ಇದಕ್ಕೆ."

ಬೋಜಪ್ಪ ಇಣುಕಿ ನೋಡಿದ. "ಕೆಂಪಿಗೆ ಏನು ಅರ್ಥ?"

"ಜವರ ಸತ್ತಿದ್ದು ಗೊತ್ತಾಗಿದೆ ಬೋಜಣ್ಣ."

"ಯಾರಿಗೆ?"

ಉಷಾರಾಣಿ ಆ ಹೆಸರನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. "ಎಲ್ಲರಿಗೂ" ಎಂದಳು.

"ಹತ್ತು ತಿಂಗಳು ತಡವಾಗಿ ಬಂದವ್ರಲ್ಲ ಮಣ್ಣಿಗೆ" ಎಂದು ಚಿಕ್ಕಿ ಹಿಂದಿನಿಂದ ಅಂದಳು. ಒಂದಿಬ್ಬರು ನಕ್ಕರು. ಚೋಮಿ ನಗಲಿಲ್ಲ. ಗಾಡಿಯವನು ಅವಳ ಬುಟ್ಟಿ ಬಿಟ್ಟು ಹೋದ. ಅವಳು ಅದನ್ನು ತಲೆಯ ಮೇಲಿಟ್ಟುಕೊಂಡು ಶಿರಂಗಾಲದ ರಸ್ತೆ ಹಿಡಿದಳು. ಬಿಸಿಲೇರುವಷ್ಟರಲ್ಲಿ ಮೀನಿನ ಕಣ್ಣು ಮಂಕಾಗುತ್ತದೆ, ಯಾರೂ ಕೊಳ್ಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂದೇ ಉಷಾರಾಣಿ ಕೀರ್ತಿಕುಮಾರರ ಕಚೇರಿಗೆ ಹೋದಳು. ಅವರ ಕಂಪ್ಯೂಟರಿನಲ್ಲೂ ಅದೇ ಕೆಂಪು.

"ಇಲ್ಲಿ ನೋಡಿ ಮೇಡಂ. ಇವರು ತೀರಿಕೊಂಡಿದ್ದು ಯುಗಾದಿ ಹೊತ್ತಿಗೆ. ಆಮೇಲೂ ಇವರ ಹೆಸರಲ್ಲಿ ಮೀನು ಬಂದಿದೆ. ಪ್ರತಿ ತಿಂಗಳೂ. ಇದನ್ನ ಬರೆದಿದ್ದು ನೀವಾ?"

"ಹೌದು ಸರ್."

"ಸತ್ತಿದ್ದು ನಿಮಗೆ ಗೊತ್ತಿರಲಿಲ್ಲ ಅಲ್ವಾ?"

"ಮಣ್ಣಿಗೆ ಹೋಗಿದ್ದೆ ಸರ್."

ಕೀರ್ತಿಕುಮಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳು ವರ್ಷದ ಎಡೆಯ ವಿಷಯ, ತೆಪ್ಪದ ವಿಷಯ ಎಲ್ಲ ಹೇಳಿದಳು. ಅವರು ನಗಲಿಲ್ಲ. ಕೊನೆಯವರೆಗೂ ಕೇಳಿದರು. ಮೈಸೂರಿನಲ್ಲೇ ಹೇಳಬಹುದಿತ್ತಲ್ಲ ಎಂದು ಅವರು ಅನ್ನುತ್ತಾರೆಂದು ಅವಳು ಕಾದಳು. ಅದನ್ನೂ ಅನ್ನಲಿಲ್ಲ. ಬಹುಶಃ ಅವರಿಗೆ ನೆನಪಿರಲಿಲ್ಲ.

"ಗೊತ್ತಿರಲಿಲ್ಲ ಅಂತ ಬರೆದುಕೊಡಿ ಮೇಡಂ. ನಿಮಗೇನೂ ಆಗದ ಹಾಗೆ ನೋಡ್ಕೋತೀನಿ."

"ಹಂಗಾದ್ರೆ ಮೋಸ ಮಾಡಿದ್ದು ಚೋಮಿ ಅಂತ ಆಗುತ್ತೆ."

"ಸರಿ, ನಿಮಗೆ ತೋಚಿದ್ದನ್ನೇ ಬರೆಯಿರಿ, ಮೇಲಕ್ಕೆ ಕಳಿಸ್ತೀನಿ" ಎಂದು ಅವರು ಒಂದು ಹಾಳೆ ಕೊಟ್ಟರು. ಅವಳು ಅಲ್ಲೇ ಕೂತು ಬರೆದಳು: ಸಾವು ಗೊತ್ತಿತ್ತು, ಹೆಸರು ಇಟ್ಟುಕೊಂಡದ್ದು ನಾನು, ಚೋಮಿಯದು ತಪ್ಪಿಲ್ಲ. ಗಂಡನ ಕಾಲದಿಂದಲೂ ತೆಪ್ಪ ನಡೆಸಿದವಳು ಅವಳೇ, ಲೈಸೆನ್ಸನ್ನು ಅವಳ ಹೆಸರಿಗೆ ಮಾಡಿಕೊಡಬೇಕು. ಕೆಲಸ ಹೋದರೂ ಹೋಗಲಿ ಎಂಬ ಧೈರ್ಯ ಎಲ್ಲಿಂದಲೋ ಬಂದಿತ್ತು. ಆ ಧೈರ್ಯದಲ್ಲೇ ಬಸ್ಸು ಹತ್ತಿ, ಕಿಟಕಿಗೆ ತಲೆಯಿಟ್ಟು, ಚೋಮಿಗೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಳು. ಮನೆಗೆ ಹೋದಾಗ ಅಶ್ವಥ್, "ಒಳ್ಳೇದೇ ಮಾಡ್ದೆ. ಗ್ಯಾರೇಜಲ್ಲಿ ಒಂದು ಕೆಲಸ ಖಾಲಿ ಇದೆ" ಅಂದ.

ಕೀರ್ತಿಕುಮಾರ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಪತ್ರವನ್ನು ಮೇಲಕ್ಕೆ ಕಳಿಸಿದರು, ಫೋನು ಮಾಡಿದರು, ತಾವೇ ಒಂದು ಸಲ ಬೆಂಗಳೂರಿಗೂ ಹೋಗಿ ಬಂದರು. ಕೆಲವು ವಾರಗಳ ನಂತರ ಅವಳನ್ನು ಕರೆಸಿದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಮ್ಮ ಇಲಾಖೆಯಲ್ಲಿ ತಿದ್ದಿಸಿದೆ ಮೇಡಂ. ಚೋಮಿ ಅರ್ಹರು ಅಂತ ಆಗಿದೆ. ಆದರೆ ರದ್ದಾದ ದಿನವೇ ಆ ಜಾಗ ಖಾಲಿ ಅಂತ ಎಲ್ಲಾ ಕಡೆ ಹೋಗಿದೆ. ಕಾಯ್ತಾ ಇದ್ದವರೊಬ್ಬರಿಗೆ ಕೊಟ್ಟಾಗಿದೆ. ಕರಿಬಸಪ್ಪ ಅಂತ. ಅಣೆಯಲ್ಲಿ ಇಷ್ಟೇ ತೆಪ್ಪ ಅಂತ ಮಿತಿ ಇದೆಯಲ್ಲ, ಇನ್ನೊಂದು ಸೇರಿಸೋಕಾಗಲ್ಲ."

"ಬೇರೆ ಅಣೆಯಲ್ಲಿ?"

"ಬೇರೆಯವರ ದಾಖಲೆಯಲ್ಲಿ ಆ ಮನೆ ಮೇಲೆ ಇನ್ನೂ ಮೋಸ ಅಂತಲೇ ಇದೆ. ವಿಮೆಯವರಲ್ಲೂ, ಸಂಘದಲ್ಲೂ. ನಾವು ತಿದ್ದಿದ್ದು ಅಲ್ಲಿಗೆ ಹೋಗಲ್ಲ."

"ಸತ್ತ ಸುದ್ದಿ ಮಾತ್ರ ಹೋಯ್ತಲ್ಲ ಸರ್."

"ಅದಕ್ಕೆ ದಾರಿ ಮಾಡಿದ್ದೀವಿ. ತಿದ್ದುಪಡಿಗೆ ಇನ್ನೂ ಮಾಡಿಲ್ಲ. ಅದು ಮುಂದಿನ ಸಭೆಯಲ್ಲಿದೆ."

"ಮುಂದಿನ ಸಭೆ ಯಾವಾಗ?"

ಅವರು ಕಿಟಕಿಯ ಹೊರಗೆ ನೋಡಿದರು. ಹೊರಗೆ ಯಾರೋ ಸ್ಕೂಟರಿನ ಕಿಕ್ಕರ್ ಒದೆಯುತ್ತಿದ್ದರು. ಅದು ಹೊತ್ತಿಕೊಳ್ಳುತ್ತಲೇ ಇರಲಿಲ್ಲ.

ಅವಳು ಬರೆದುಕೊಟ್ಟ ಪತ್ರಕ್ಕೆ ಏನಾಯಿತೆಂದು ಕೇಳಿದಳು. ಅದಕ್ಕೆ ಹೊಸ ವ್ಯವಸ್ಥೆಯಲ್ಲಿ ಹಾಕುವ ಜಾಗವೇ ಇಲ್ಲವಂತೆ. ಹಾಗಾಗಿ ವಿಚಾರಣೆಯೂ ಇಲ್ಲ, ನೋಟೀಸೂ ಇಲ್ಲ. ನಿಮಗೇನೂ ಆಗುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು. ಬಸ್ಸಿನಲ್ಲಿ ಬರುವಾಗ ಆ ಸಮಾಧಾನ ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು. ಶಿಕ್ಷೆಯಾದರೂ ಸಿಕ್ಕಿದ್ದರೆ ಚೋಮಿಯ ಮುಂದೆ ಅದನ್ನಾದರೂ ಹಿಡಿದುಕೊಂಡು ನಿಲ್ಲಬಹುದಿತ್ತು.

ಚೋಮಿ ಮನೆಯ ಮುಂದೆ ತೆಪ್ಪವನ್ನು ಕವುಚಿ ಹಾಕಿ ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದಳು. ಪಕ್ಕದಲ್ಲಿ ಡಬ್ಬಿ ಕುದಿಯುತ್ತಿತ್ತು. ನೀರಿಗಿಳಿಯದ ತೆಪ್ಪಕ್ಕೂ ವರ್ಷಕ್ಕೊಮ್ಮೆ ಬಳಿಯದಿದ್ದರೆ ಬಿದಿರು ಒಡೆಯುತ್ತದೆ. ಉಷಾರಾಣಿ ಜಗಲಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹೇಳುವಾಗ ಕೀರ್ತಿಕುಮಾರರ ಮಾತುಗಳನ್ನೇ ಹೇಳುತ್ತಿದ್ದೇನೆ ಅನ್ನಿಸಿತು. ಅವಳ ಸ್ವಂತದ್ದು ಒಂದೂ ಇರಲಿಲ್ಲ.

ಚೋಮಿ ಕೇಳಿಸಿಕೊಂಡಳು. ಕೈ ನಿಲ್ಲಿಸಲಿಲ್ಲ.

"ಯಾರಂತೆ ಅವನು?"

"ಕರಿಬಸಪ್ಪ ಅಂತ. ನಂಗೂ ಗೊತ್ತಿಲ್ಲ."

"ಹೂಂ."

"ನಾನು ಬೋಜಣ್ಣನ ಮಾತು ಕೇಳಿ ಹೆಸರು ಇಟ್ಕೊಂಡೆ ಚೋಮಿ. ನಿಮ್ಮ ಪದ್ಧತಿ ನಾನು ಮುರಿಯೋದು ಬೇಡ ಅಂತ. ನಿಂಗೂ ಸಮಾಧಾನ ಇರುತ್ತೆ ಅಂತ."

ಚೋಮಿ ಕುಂಚವನ್ನು ಡಬ್ಬಿಯ ಅಂಚಿಗೆ ಒರಗಿಸಿದಳು.

"ಬೋಜಣ್ಣ ನಿಮ್ಮನ್ನ ಕೇಳ್ದ. ನೀವು ಹೂಂ ಅಂದ್ರಿ. ನನ್ನ ಯಾರು ಕೇಳಿದ್ರಿ ಅಕ್ಕಾ?"

ಉಷಾರಾಣಿ ತಲೆಯೆತ್ತಿ ಅವಳನ್ನು ನೋಡಿದಳು.

"ದಿನಾ ಬೆಳಿಗ್ಗೆ ಎಲ್ಲಾರ ಮುಂದೆ ಅವನ ಹೆಸರು ಕೂಗ್ತಿದ್ರಿ. ನಾನು ಎದ್ದು ಬತ್ತಿದ್ದೆ. ಬರೋವಾಗ ಎಲ್ಲಾರೂ ನನ್ನೇ ನೋಡೋರು. ಒಂದೊಂದಿನ ಅವನೂ ಹಿಂದೆ ಬತ್ತಾವ್ನೆ ಅನ್ನಿಸೋದು. ತಿರುಗಿ ನೋಡ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ನಂದೇ ಬರ್ಕೊಳಿ ಅಂತ ಹೇಳಾಣ ಅಂತ ಎಷ್ಟು ಸಲ ಬಾಯಿಗೆ ಬಂತು. ಹೆಂಗ್ಸು ಆಸೆ ಬಿದ್ಲು ಅಂತಾರೆ, ನೀವೂ ಅನ್ಕೋತೀರ ಅಂತ ಸುಮ್ಕಾದೆ. ನೀವಾದ್ರೂ ಕೇಳ್ಬೋದಿತ್ತು. ನೀವೂ ಹೆಂಗ್ಸಲ್ವ?"

"ನಾನು ಯೋಚ್ನೆ ಮಾಡ್ಲಿಲ್ಲ ಚೋಮಿ."

"ಅದೇ ನಾನೂ ಹೇಳ್ತಿರೋದು."

ಅವಳು ಮತ್ತೆ ಕುಂಚ ತೆಗೆದುಕೊಂಡಳು. ಒಳಗಿಂದ ತಂಗಿ ಕಾಫಿ ತಂದು ಕೊಟ್ಟಳು. ಉಷಾರಾಣಿ ಅದನ್ನು ಕುಡಿದು ಮುಗಿಸಿದಳು. ಮೈಸೂರಿನ ಸಭೆಯಲ್ಲಿ ಜವರನ ಮಾತು ಎತ್ತದೆ ಬಂದದ್ದು, ಆ ಯಂತ್ರ, ತಿದ್ದದೆ ಉಳಿದ ತಪ್ಪು, ಎಲ್ಲವೂ ಈ ಒಂದು ಮಾತಿನ ಮುಂದೆ ಸಣ್ಣವಾಗಿ ಕಂಡವು. ಇಷ್ಟು ವರ್ಷ ಈ ಅಂಗಳಗಳಲ್ಲಿ ಓಡಾಡಿ, ಇವರ ನಂಬಿಕೆ ಬಲ್ಲೆ ಎಂಬ ಸಣ್ಣ ಹೆಮ್ಮೆ ಅವಳಲ್ಲಿತ್ತು. ಗಂಡಸರು ಅಂಗಳದಲ್ಲಿ ನಿಂತು ಹೇಳಿದ್ದನ್ನು ಅವಳು ಬಲ್ಲವಳಾಗಿದ್ದಳು, ಅಷ್ಟೇ. ಒಳಗೆ ಗೋಡೆಗೆ ಒರಗಿ ಕೂತವಳ ಹತ್ತಿರ ಹೋಗಲು ನಾಲ್ಕು ಹೆಜ್ಜೆ ಸಾಕಿತ್ತು.

ಕರಿಬಸಪ್ಪ ಶಿವರಾತ್ರಿ ಕಳೆದ ಮೇಲೆ ಬಂದ. ಉಷಾರಾಣಿ ಮನಸ್ಸಿನಲ್ಲೇ ಒಬ್ಬ ದಪ್ಪ ಮೀಸೆಯ ಗುತ್ತಿಗೆದಾರನನ್ನು ಮಾಡಿಟ್ಟುಕೊಂಡು ದ್ವೇಷಿಸಲು ಸಿದ್ಧವಾಗಿದ್ದಳು. ಬಂದವನು ಬಡಕಲು ಮನುಷ್ಯ. ಬಾಡಿಗೆಯ ಗಾಡಿಯಲ್ಲಿ ಹಳೆಯ ತೆಪ್ಪ, ಪಾತ್ರೆಗಳ ಚೀಲ, ಕೆಮ್ಮುವ ಹೆಂಡತಿ. ಅರ್ಜಿ ಹಾಕಿದ್ದನ್ನೇ ಮರೆತುಬಿಟ್ಟಿದ್ದನಂತೆ, ಅಷ್ಟು ವರ್ಷಗಳಾಗಿದ್ದವು. "ದೇವರು ಕಣ್ಣು ಬಿಟ್ಟ ಮೇಡಂ" ಎಂದು ಕೈ ಮುಗಿದ. ದಡದವರು ಅವನಿಗೆ ಜಾಗ ತೋರಿಸಲಿಲ್ಲ, ನೀರೂ ಕೊಡಲಿಲ್ಲ. ಅವನು ಏರಿಯ ಆಚೆ ತುದಿಯಲ್ಲಿ ಟಾರ್ಪಾಲು ಕಟ್ಟಿಕೊಂಡ.

ಆಗ ಎಸ್ಟೇಟುಗಳಲ್ಲಿ ರೊಬಸ್ಟಾ ಕಾಫಿ ಹಣ್ಣಿನ ಪಿಕಿಂಗ್ ನಡೆಯುತ್ತಿತ್ತು. ಕೊಡ್ಲಿಪೇಟೆ ಕಡೆಯ ತೋಟವೊಂದರ ಜೀಪು ಬೆಳಿಗ್ಗೆ ಏರಿಯ ಬುಡಕ್ಕೆ ಬಂದು ಆಳುಗಳನ್ನು ಹತ್ತಿಸಿಕೊಳ್ಳುತ್ತಿತ್ತು. ಚೋಮಿಯೂ ಅವಳ ತಂಗಿಯೂ ಹೋಗಲು ಶುರು ಮಾಡಿದ್ದರು. ನೀರಿನವರು ತೋಟದ ಕೆಲಸಕ್ಕೆ ಹೋಗುವುದನ್ನು ದಡದಲ್ಲಿ ಸೋಲೆಂದೇ ತಿಳಿಯುತ್ತಿದ್ದರು. ಅವಳು ಜೀಪಿಗೆ ಕಾಯುವಾಗ ಬೋಜಪ್ಪ ಬೇರೆ ಕಡೆ ನೋಡುತ್ತಿದ್ದ.

ಒಂದು ಬೆಳಿಗ್ಗೆ, ತೂಕ ಇನ್ನೂ ಶುರುವಾಗಿರಲಿಲ್ಲ. ಕರಿಬಸಪ್ಪ ತೆಪ್ಪವನ್ನು ತಿರುಗಿಸಿಕೊಂಡು ಬಂದು ದಡಕ್ಕೆ ಹತ್ತಿರವಾಗಿಯೇ, ನೇರಳೆ ಮರವಿದ್ದ ಮೂಲೆಯಲ್ಲಿ ಬಲೆ ಬಿಚ್ಚತೊಡಗಿದ. ಆ ಮೂಲೆಯ ತಳದಲ್ಲಿ ಕಡಿದು ಬಿಟ್ಟ ಮರಗಳ ಬುಡಗಳಿವೆ. ಬಲೆ ಬಿದ್ದರೆ ಮೇಲೆ ಬರುವುದಿಲ್ಲ. ದಡದಲ್ಲಿದ್ದವರೆಲ್ಲರಿಗೂ ಅದು ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ಚಿಕ್ಕಿ ಬಾಯಿಗೆ ಸೆರಗು ಹಿಡಿದುಕೊಂಡು ಕಾದಳು. ಉಷಾರಾಣಿಗೂ ಗೊತ್ತಿತ್ತು. ಅವಳೂ ಸುಮ್ಮನೆ ನಿಂತಳು. ಹಾಗೆ ನಿಂತದ್ದು ಯಾರ ಪರವಾಗಿ ಎಂದು ಅವಳಿಗೇ ತಿಳಿಯಲಿಲ್ಲ.

ಚೋಮಿ ಬುತ್ತಿಯ ಚೀಲ ಕೆಳಗಿಟ್ಟು ನೀರಿನ ಅಂಚಿಗೆ ಇಳಿದಳು.

"ಅಣ್ಣಾ, ಅಲ್ಲಿ ಬೇಡ. ಅಡೀಲಿ ಬುಡ ಅವೆ. ಬಲೆ ಹರೀತದೆ."

ಕರಿಬಸಪ್ಪ ಕೈ ತಡೆದ. "ಮತ್ತೆ ಎಲ್ಲಿ ಹಾಕ್ಲಿ ಅಕ್ಕಾ?"

ಅವಳು ಕೈ ಚಾಚಿ ತೋರಿಸಿದಳು. "ಆ ಬಿಳೀ ಬಂಡೆ ಐತಲ್ಲ, ಅದರ ನೇರಕ್ಕೆ ಹೋಗಿ. ಅಲ್ಲಿ ಆಳ ಐತೆ. ಬಿಸಿಲು ಬರೋ ಮುಂಚೆ ಎತ್ಕೊಳ್ಳಿ." ಅದು ಜವರನೂ ಅವಳೂ ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಜಾಗ. ಈಗ ಅದನ್ನು ಇಟ್ಟುಕೊಂಡು ಅವಳಿಗೆ ಮಾಡುವುದೇನೂ ಇರಲಿಲ್ಲ.

ಜೀಪು ಹಾರನ್ ಬಾರಿಸಿತು. ಚೋಮಿ ಚೀಲ ಎತ್ತಿಕೊಂಡಳು. ಉಷಾರಾಣಿ ಅವಳ ಹಿಂದೆ ನಾಲ್ಕು ಹೆಜ್ಜೆ ಹೋದಳು.

"ಪಿಕಿಂಗ್ ಎಷ್ಟು ದಿನ ಇರುತ್ತೆ ಚೋಮಿ?"

"ಹಣ್ಣು ಇರೋ ತನಕ."

"ಆಮೇಲೆ?"

ಹೆಂಗಸರು ಒತ್ತಿ ಕೂತು ಜಾಗ ಮಾಡಿಕೊಟ್ಟರು. ಚೋಮಿ ಹಿಂದಿನ ಕಂಬಿ ಹಿಡಿದು ಹತ್ತಿ, ಮೊಣಕಾಲು ಎದೆಗೆ ಒತ್ತಿಕೊಂಡು, ಅಣೆಗೆ ಬೆನ್ನು ಮಾಡಿ ಕೂತಳು. ಡ್ರೈವರು ಎಲ್ಲರೂ ಬಂದರಾ ಎಂದು ಕೇಳಿದ. ಬಂದ್ರು ನಡಿಯಪ್ಪ ಅಂದಳು ಯಾರೋ ಒಬ್ಬಳು.